ಕಾಲಿಂಪಾಂಗ್‌ನಿಂದ ಬಂದ ಎರಡು ಪೆಟ್ಟಿಗೆ, ಉಡುಪಿಯ ಎರಡು ಮಳೆಗಾಲ

ಪೆಟ್ಟಿಗೆ ಬಿಚ್ಚಿದ ದಿನವೇ ಐದು ನಕ್ಷತ್ರ ಕೊಟ್ಟು ಬರೆದವರ ಮಾತು ಓದಿ ನಾನು ಮೊದಲ ಸಲ ಸಕ್ಯುಲೆಂಟ್ (ದಪ್ಪ ಎಲೆ, ಕಾಂಡದಲ್ಲಿ ನೀರು ಕೂಡಿಡುವ ಗಿಡ) ತರಿಸಿದ್ದು. ಅವರು ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬಂದ ದಿನ ಗಿಡ ಚಂದವೇ ಇರುತ್ತದೆ. ಆದರೆ ನಮ್ಮ ಕರಾವಳಿಯಲ್ಲಿ ಈ ಗಿಡಗಳ ಬಗ್ಗೆ ಮಾತಾಡಬೇಕಾದ್ದು ಜಡಿಮಳೆಯ ಆಟಿ ತಿಂಗಳು ದಾಟಿದ ಮೇಲೆ. ಹಾಗಾಗಿ ನಾನು ಕಾದೆ. ಒಬ್ಬರೇ ಮಾರಾಟಗಾರರಿಂದ ಅದೇ ಹದಿನೈದು ಗಿಡಗಳ ಪೆಟ್ಟಿಗೆಯನ್ನು ಎರಡು ಸಲ ತರಿಸಿದ್ದೇನೆ. ಮೊದಲನೆಯದು 2023ರ ಮೇ ತಿಂಗಳಲ್ಲಿ, ಎರಡನೆಯದು ಅದೇ ವರ್ಷದ ಡಿಸೆಂಬರಿನಲ್ಲಿ. ಈಗ ಎರಡು ಮಳೆಗಾಲ ಕಳೆದಿದೆ, ನನ್ನ ನೋಟುಬುಕ್ಕಿನಲ್ಲಿ ಸತ್ತದ್ದು ಬದುಕಿದ್ದು ಎಲ್ಲದರ ಲೆಕ್ಕ ಉಂಟು.

ಮಾರಾಟಗಾರರ ನರ್ಸರಿ ಪಶ್ಚಿಮ ಬಂಗಾಳದ ಕಾಲಿಂಪಾಂಗ್‌ನಲ್ಲಿದೆ. ಹೆಸರು ಬರೆಯುವುದಿಲ್ಲ, ಯಾಕೆಂದರೆ ಮುಂದೆ ಕೆಲವು ದೂರು ಹೇಳಲಿಕ್ಕಿದೆ, ಮತ್ತು ಆ ದೂರುಗಳು ಹೀಗೆ ಅಂಚೆಯಲ್ಲಿ ಗಿಡ ಮಾರುವ ಹಲವರಿಗೆ ಸಲ್ಲುವಂಥವು. ಕಳ್ಳಿ ಮತ್ತು ಸಕ್ಯುಲೆಂಟ್ ಬೆಳೆಸುವುದರಲ್ಲಿ ಕಾಲಿಂಪಾಂಗ್ ಹಳೆಯ ಹೆಸರು. ಸಮುದ್ರಮಟ್ಟದಿಂದ ಸುಮಾರು 1,250 ಮೀಟರ್ ಎತ್ತರದ ಬೆಟ್ಟದ ಊರು, ರಾತ್ರಿ ತಂಪು. ನನ್ನ ಮನೆ ಬ್ರಹ್ಮಾವರದ ಹತ್ತಿರ, ಅಲೆಯ ಸದ್ದು ಕೇಳುವಷ್ಟು ಸಮುದ್ರಕ್ಕೆ ಸಮೀಪ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಅಲ್ಲಿಯ ಗಿಡ ಇಲ್ಲಿಗೆ ಬಂದರೆ ಏನಾಗುತ್ತದೆ ಎನ್ನುವುದೇ ಈ ಬರಹ.

ಬೆಲೆ 899 ರೂಪಾಯಿ, ಸಾಗಾಟವೂ ಅದರಲ್ಲೇ. ಗಿಡವೊಂದಕ್ಕೆ ಅರುವತ್ತು ರೂಪಾಯಿ ಬಿತ್ತು. ನಮ್ಮ ಹೆದ್ದಾರಿ ಬದಿಯ ನರ್ಸರಿಯಲ್ಲಿ ಗುಲಾಬಿ ಹೂವಿನಂತೆ ಎಲೆ ಜೋಡಿಸಿಕೊಂಡ ಒಂದು ಎಚೆವೇರಿಯಾಕ್ಕೆ ನೂರ ಇಪ್ಪತ್ತು ಹೇಳುತ್ತಾರೆ. ಬೆಲೆಯ ಬಗ್ಗೆ ನನಗೆ ತಕರಾರಿಲ್ಲ.

ಕಟ್ಟಿ ಕಳಿಸುವುದರಲ್ಲಿ ಅವರಿಗೆ ಪೂರ್ತಿ ಅಂಕ. ಬೇರಿನ ಮಣ್ಣು ತೊಳೆದು, ಒಣಗಿಸಿ, ಒಂದೊಂದು ಗಿಡವನ್ನೂ ತೆಳು ಕಾಗದದಲ್ಲಿ ಸುತ್ತಿ, ನಡುವೆ ಪತ್ರಿಕೆ ತುರುಕಿದ್ದರು. ಪೆಟ್ಟಿಗೆಯ ಬದಿಗೆ ಗಾಳಿಗೆ ತೂತು. ಕುಂಡ ಸಮೇತ ಕಳಿಸುವವರಿಗಿಂತ ಇದು ಒಳ್ಳೆಯದು. ಒದ್ದೆ ಮಣ್ಣಿನ ಜೊತೆ ಎಂಟು ದಿನ ಕತ್ತಲಲ್ಲಿದ್ದರೆ ಸಕ್ಯುಲೆಂಟ್ ಕೊಳೆಯುವ ಸಂಭವ ಹೆಚ್ಚು. ಒಣಬೇರಿನ ಗಿಡ ಬಾಡಿದಂತೆ ಕಂಡರೂ ವಾರದಲ್ಲಿ ಚೇತರಿಸುತ್ತದೆ. ಇನ್ನೊಂದು ಮೆಚ್ಚುಗೆ. ಇವರು ಬಣ್ಣ ಬಳಿದ ಗಿಡ, ಅಂಟಿನಲ್ಲಿ ಹೂ ಕೂರಿಸಿದ ಕಳ್ಳಿ ಕಳಿಸುವುದಿಲ್ಲ. ಜಾತ್ರೆಯ ಗಾಡಿಗಳಲ್ಲಿ ಅಂಥವನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಬಣ್ಣ ಮೆತ್ತಿದ ಎಲೆಗೆ ಬೆಳಕು ಸರಿಯಾಗಿ ತಾಗುವುದಿಲ್ಲ.

ಹದಿನೈದರಲ್ಲಿ ನಾಲ್ಕು ಎಚೆವೇರಿಯಾ (ಒಂದು ನೇರಳೆ ಬಣ್ಣದ ಪರ್ಲ್ ವಾನ್ ನ್ಯೂರ್ನ್‌ಬರ್ಗ್), ಒಂದು ಗ್ರ್ಯಾಪ್ಟೊಪೆಟಲಮ್, ಕತ್ತೆಬಾಲದ ಹಾಗೆ ಇಳಿಬೀಳುವ ಸೀಡಮ್, ಜೀಬ್ರಾ ಹವೋರ್ಥಿಯಾ, ಗಾಜಿನ ಮಣಿಯಂತಿರುವ ಹವೋರ್ಥಿಯಾ ಕೂಪೆರಿ, ಗಾಲಮ್ ಎನ್ನುವ ಕ್ರಾಸುಲಾ, 'ಜೇಡ್' ಎಂದು ಚೀಟಿ ಅಂಟಿಸಿದ ಒಂದು, ಎಲೆಯ ಮೇಲೆ ಮಖಮಲ್ಲಿನಂಥ ರೋಮವಿರುವ ಪಾಂಡಾ ಕಲಾಂಚೋ, ಕೆಂಪು ಮೂನ್ ಕ್ಯಾಕ್ಟಸ್, ಕಲ್ಲಿನಂತೆ ಕಾಣುವ ಲಿಥಾಪ್ಸ್, ಒಂದು ಗ್ಯಾಸ್ಟೇರಿಯಾ, ಒಂದು ಸೆಂಪರ್ವೈವಮ್. ನಾನು ಎಲ್ಲವನ್ನೂ ಜಗಲಿಯಲ್ಲಿ ಪೇಪರಿನ ಮೇಲೆ ಸಾಲಾಗಿ ಇಟ್ಟು ನೋಡುತ್ತಾ ಕೂತಿದ್ದೆ. ಅತ್ತೆ ಬಂದು ಬಗ್ಗಿ ನೋಡಿ, "ಇದಕ್ಕೆ ದುಡ್ಡು ಕೊಟ್ಟದ್ದಾ? ಗುಡ್ಡೆಯಲ್ಲಿ ಕಾಡುಬಸಳೆ ಬೇಕಾದಷ್ಟು ಉಂಟಲ್ಲ ಮಾರಾಯ್ತಿ" ಎಂದರು. ಅವರ ಮಾತಿನಲ್ಲಿ ಎಷ್ಟು ಸತ್ಯವಿತ್ತೆಂದು ಆಮೇಲೆ ಗೊತ್ತಾಯಿತು. ಕಾಡುಬಸಳೆಯೂ ಕಲಾಂಚೋ ಕುಲದ್ದೇ. ಮಡಗಾಸ್ಕರ್‌ನಿಂದ ಬಂದು ಇಲ್ಲಿಯ ಮಳೆಗೆ ಒಗ್ಗಿಕೊಂಡ ಗಿಡ ಅದು.

ಮೊದಲ ಪೆಟ್ಟಿಗೆಯಲ್ಲಿ ಒಂದು ಎಚೆವೇರಿಯಾ ದಾರಿಯಲ್ಲೇ ಕೊಳೆತಿತ್ತು. ಬುಡ ಕಪ್ಪು, ಮುಟ್ಟಿದರೆ ನೀರು. ಪೆಟ್ಟಿಗೆ ಬಿಚ್ಚುವ ವಿಡಿಯೋ ಕಳಿಸಿದೆ, ಅವರು ತಕ್ಷಣ ವಿನಯದಿಂದ ಉತ್ತರಿಸಿ ಮುಂದಿನ ಖರೀದಿಯಲ್ಲಿ ಅರುವತ್ತು ರೂಪಾಯಿ ಬಿಟ್ಟುಕೊಡುವುದಾಗಿ ಹೇಳಿದರು, ಡಿಸೆಂಬರಿನಲ್ಲಿ ಬಿಟ್ಟುಕೊಟ್ಟರು ಕೂಡ. ಆ ಕೊಳೆತ ಗಿಡದ ಮೇಲಿನ ಇಪ್ಪತ್ತು ಎಲೆ ಗಟ್ಟಿ ಇದ್ದವು. ಅವನ್ನು ಬಿಡಿಸಿ ಇಟ್ಟುಕೊಂಡೆ. ಅದರ ಕಥೆ ಆಮೇಲೆ.

ನನ್ನ ದೊಡ್ಡ ದೂರು ಪೆಟ್ಟಿಗೆಯೊಳಗಿದ್ದ ಒಂದು ಚೀಟಿಯ ಬಗ್ಗೆ. ಹೂವಿನ ಚಿತ್ರದ ಚಂದದ ಚೀಟಿ. ಹದಿನೈದು ಗಿಡಗಳಿಗೂ ಒಂದೇ ಸೂಚನೆ. ವಾರಕ್ಕೊಮ್ಮೆ ನೀರು, ನಾಲ್ಕು ಗಂಟೆ ಬಿಸಿಲು. ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ ಎಂದು ಇಲ್ಲ. ಜೊತೆಗೆ ಉಚಿತವಾಗಿ ಒಂದು ಕಿಲೋ 'ಸಕ್ಯುಲೆಂಟ್ ಮಿಶ್ರಣ'. ಕೈಯಲ್ಲಿ ಹಿಡಿದರೆ ಮುಕ್ಕಾಲು ಪಾಲು ತೆಂಗಿನ ನಾರಿನ ಹುಡಿ, ಅಲ್ಲಲ್ಲಿ ಪರ್ಲೈಟ್ ಎನ್ನುವ ಹಗುರ ಬಿಳಿ ಕಲ್ಲಿನ ಕಾಳು. ನಾರಿನ ಹುಡಿ ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಡುತ್ತದೆ. ಬಯಲುಸೀಮೆಯ ಒಣಗಾಳಿಯಲ್ಲಿ ಅದು ಎರಡು ದಿನದಲ್ಲಿ ಆರೀತು. ಇಲ್ಲಿ ಜೂನ್ ನಂತರ ಬಟ್ಟೆಯೇ ನಾಲ್ಕು ದಿನ ಒಣಗುವುದಿಲ್ಲ, ನಾರಿನ ಹುಡಿ ಒಣಗುತ್ತದೆಯೇ? ನಾನು ಚೀಟಿಯನ್ನು ನಂಬಿ, ಅದೇ ಮಿಶ್ರಣದಲ್ಲಿ ನೆಟ್ಟು, ಪ್ರತಿ ಭಾನುವಾರ ನೀರು ಹಾಕಿದೆ.

ಆ ವರ್ಷ ಮಳೆ ತಡ. ಜೂನ್ 8ಕ್ಕೆ ಕೇರಳ ಮುಟ್ಟಿತು. ಆಮೇಲೆ ಜುಲೈಯಲ್ಲಿ ಹಿಡಿದದ್ದು ನೋಡಿ, ಶಾಲೆಗಳಿಗೆ ದಿನದ ಮೇಲೆ ದಿನ ರಜೆ. ಗಿಡಗಳು ಟೆರೇಸಿನ ಶೀಟಿನ ಕೆಳಗಿದ್ದವು, ನೇರ ಮಳೆ ಬೀಳುತ್ತಿರಲಿಲ್ಲ. ಆದರೂ ಒಂದೊಂದೇ ಹೋಯಿತು. ಎಚೆವೇರಿಯಾದ ಕೆಳಗಿನ ಎಲೆ ಮೊದಲು ಗಾಜಿನಂತೆ ಪಾರದರ್ಶಕವಾಗುತ್ತದೆ, ಮರುದಿನ ಮುಟ್ಟಿದರೆ ಉದುರುತ್ತದೆ, ಮೂರನೆಯ ದಿನ ನಡುಬುಡ ಕಪ್ಪು. ಭಾವ ಅಡಿಕೆಗೆ ಹೊಡೆದು ಉಳಿಸಿದ ಬೋರ್ಡೋ ದ್ರಾವಣವನ್ನೂ (ಮೈಲುತುತ್ತ, ಸುಣ್ಣದ ಕೊಳೆರೋಗದ ಮದ್ದು) ಸಿಂಪಡಿಸಿ ನೋಡಿದೆ. ಎಲೆಯ ಮೇಲಿನ ಬೂದಿಯಂಥ ಮೇಣದ ಲೇಪ ಹಾಳಾಗಿ ನೀಲಿ ಕಲೆ ನಿಂತಿತು, ಕೊಳೆ ನಿಲ್ಲಲಿಲ್ಲ. ಒಳಗೆ ಸೇರಿದ ಕೊಳೆಗೆ ಮೇಲಿನ ಮದ್ದು ಏನು ಮಾಡೀತು? ಸೆಪ್ಟೆಂಬರ್ ಕೊನೆಗೆ ಹದಿನೈದರಲ್ಲಿ ಉಳಿದದ್ದು ಐದು. ಜೀಬ್ರಾ, ಗ್ಯಾಸ್ಟೇರಿಯಾ, ಗ್ರ್ಯಾಪ್ಟೊಪೆಟಲಮ್, ಗಾಲಮ್, ಮತ್ತು ಆ ಜೇಡ್.

ಬೆಂಗಳೂರಿನಲ್ಲಿರುವ ಅಕ್ಕನ ಮಗಳು ಅದೇ ತಿಂಗಳು ಅದೇ ಪೆಟ್ಟಿಗೆ ತರಿಸಿದ್ದಳು. ಅವಳ ಬಾಲ್ಕನಿಯಲ್ಲಿ ಹದಿಮೂರು ಗಟ್ಟಿಯಾಗಿದ್ದವು. "ಚಿಕ್ಕಮ್ಮ, ನಾನು ಏನೂ ಮಾಡುವುದಿಲ್ಲ, ನೆನಪಾದಾಗ ನೀರು ಹಾಕುತ್ತೇನೆ ಅಷ್ಟೇ" ಎನ್ನುತ್ತಾಳೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿಯ ರಾತ್ರಿ ಬೇರೆ. ಹೆಚ್ಚಿನ ಸಕ್ಯುಲೆಂಟ್‌ಗಳು ಹಗಲು ಎಲೆಯ ರಂಧ್ರ ಮುಚ್ಚಿಕೊಂಡು, ರಾತ್ರಿ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಆಮ್ಲದ ರೂಪದಲ್ಲಿ ಕೂಡಿಡುತ್ತವೆ. ಬೆಳಗಾದ ಮೇಲೆ ಅದರಿಂದ ಆಹಾರ ತಯಾರಿ. ಮೆಕ್ಸಿಕೋದ ಒಣ ಬೆಟ್ಟಗಳಿಂದ ಬಂದ ಎಚೆವೇರಿಯಾಕ್ಕೆ ಇದಕ್ಕೆಲ್ಲ ತಂಪು ರಾತ್ರಿ ಬೇಕು. ನಮ್ಮಲ್ಲಿ ಜುಲೈಯ ರಾತ್ರಿಯೂ 23-24 ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ, ಗಾಳಿಯಲ್ಲಿ ತೇವ ತುಂಬಿರುತ್ತದೆ. ಗಿಡ ನೀರು ಕುಡಿಯುವುದು ನಿಧಾನವಾಗುತ್ತದೆ, ನೀರು ಬೇರಿನ ಸುತ್ತ ನಿಲ್ಲುತ್ತದೆ. ಹೀಗೆ ಎರಡು ಸಾಲು ಆ ಚೀಟಿಯಲ್ಲಿ ಬರೆದಿದ್ದರೆ ನನ್ನ ಹತ್ತರಲ್ಲಿ ಕೆಲವಾದರೂ ಉಳಿಯುತ್ತಿದ್ದವು. ವಿಳಾಸದ ಪಿನ್‌ಕೋಡ್ ನೋಡಿದರೇ ಅವರಿಗೆ ಇದು ಕರಾವಳಿಯ ಊರೆಂದು ತಿಳಿಯುತ್ತದೆ.

ಡಿಸೆಂಬರಿನ ಪೆಟ್ಟಿಗೆ ಬಂದಾಗ ನಾನು ಸಿದ್ಧವಾಗಿದ್ದೆ. ಹದಿನೈದೂ ಜೀವಂತ ಬಂದವು, ಚಳಿಗಾಲದ ಸಾಗಾಟ ಎಷ್ಟು ಸುಖವೆಂದು ಅದರಲ್ಲೇ ಗೊತ್ತಾಯಿತು. ಅವರ ಮಿಶ್ರಣವನ್ನು ತುಳಸಿಕಟ್ಟೆಗೆ ಹಾಕಿದೆ. ನನ್ನ ಮಿಶ್ರಣ ನಮ್ಮೂರಿನದ್ದು. ಮನೆ ಕಟ್ಟುವಲ್ಲಿ ಬಿದ್ದಿದ್ದ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಚೂರನ್ನು ಕುಟ್ಟಿ, ಜರಡಿ ಹಿಡಿದು, ಹುಡಿಯನ್ನು ತೊಳೆದು ಕಳೆದು, ಕಡಲೆಕಾಳಿನಷ್ಟು ದಪ್ಪದ್ದು ಮಾತ್ರ ಎರಡು ಪಾಲು. ಬೇಬಿ ಜಲ್ಲಿ ಒಂದು ಪಾಲು. ಸುಡುಮಣ್ಣು ಒಂದು ಪಾಲು. ತೆಂಗಿನ ಗೆರಟೆಯ ಇದ್ದಿಲು ಅರ್ಧ ಪಾಲು, ಎರೆಗೊಬ್ಬರ ಒಂದು ಮುಷ್ಟಿ. ತೋಟದ ಕಸ, ಸೊಪ್ಪು, ಮೇಲ್ಮಣ್ಣು ಒಟ್ಟಿ ಸುಟ್ಟ ಸುಡುಮಣ್ಣಿನಲ್ಲಿ ಹುಳ, ಕಳೆಬೀಜ ಇರುವುದಿಲ್ಲ. ಜಲ್ಲಿಯ ಬದಲು ಕ್ರಷರ್ ಹುಡಿ ಹಾಕಬೇಡಿ, ಒದ್ದೆಯಾಗಿ ಒಣಗಿದರೆ ಸಿಮೆಂಟಿನಂತೆ ಕಟ್ಟಿಕೊಳ್ಳುತ್ತದೆ. ಸಣ್ಣ ಹೊಯಿಗೆಯೂ ಬೇಡ. ಮೇಲಿನಿಂದ ನೀರು ಹೊಯ್ದರೆ ಹತ್ತು ಎಣಿಸುವುದರೊಳಗೆ ಅಡಿಯಿಂದ ಇಳಿಯಬೇಕು, ಅಷ್ಟಾದರೆ ಮಿಶ್ರಣ ಸರಿ. ಕುಂಡ ಮಣ್ಣಿನದ್ದೇ, ಸಣ್ಣದು.

ಬಂದ ಗಿಡವನ್ನು ಎರಡು ದಿನ ನೆರಳಲ್ಲಿ ಹಾಗೇ ಬಿಟ್ಟು, ಒಣ ಮಿಶ್ರಣದಲ್ಲಿ ನೆಟ್ಟು, ಐದು ದಿನದ ನಂತರ ಮೊದಲ ನೀರು. ನೆಡುವ ಮೊದಲು ಬೇರನ್ನು ಬಿಡಿಸಿ ನೋಡಿ ಎಂದು ಒತ್ತಿ ಹೇಳುತ್ತೇನೆ. ಎರಡನೆಯ ಪೆಟ್ಟಿಗೆಯ ಗ್ಯಾಸ್ಟೇರಿಯಾದ ಬೇರಿನಲ್ಲಿ ಬಿಳಿ ಹತ್ತಿಯಂತೆ ಹಿಟ್ಟು ತಿಗಣೆ ಇತ್ತು. ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒಂದೊಂದನ್ನೇ ಒರೆಸಿ, ತೊಳೆದು, ವಾರ ಬೇರೆ ಇಟ್ಟೆ. ಬಿಟ್ಟರೆ ಇರುವೆಗಳು ಅದರ ಸಿಹಿರಸಕ್ಕಾಗಿ ಅದನ್ನು ಹೊತ್ತು ಕುಂಡದಿಂದ ಕುಂಡಕ್ಕೆ ಹರಡಿಸುತ್ತವೆ. ಈ ದೂರನ್ನೂ ಮಾರಾಟಗಾರರಿಗೆ ಚಿತ್ರ ಸಮೇತ ಕಳಿಸಿದೆ. ಆ ಸಲ ಉತ್ತರ ಬರಲಿಲ್ಲ.

ಹೆಸರಿನ ವಿಷಯ. ಅವರ 'ಜೇಡ್' ನಿಜವಾದ ಜೇಡ್ ಅಲ್ಲ. ಜೇಡ್ ಎಂದರೆ ಕ್ರಾಸುಲಾ ಒವಾಟ. ಇದು ಪೋರ್ಟುಲಕೇರಿಯಾ ಆಫ್ರಾ, ದಕ್ಷಿಣ ಆಫ್ರಿಕಾದಲ್ಲಿ ಆನೆಗಳು ಮೇಯುವ ಗಿಡ. ಕೆಂಗಂದು ಕಾಂಡ, ಉಗುರಿಗಿಂತ ಸಣ್ಣ ಎಲೆ. ನಮ್ಮ ದೇಶದ ನರ್ಸರಿಗಳಲ್ಲೆಲ್ಲ ಇದು ಜೇಡ್ ಎಂದೇ ಮಾರಾಟವಾಗುತ್ತದೆ, ಇವರೊಬ್ಬರದ್ದೇ ತಪ್ಪಲ್ಲ. ಕರಾವಳಿಯವರಿಗೆ ಇದು ಲಾಭದ ತಪ್ಪು, ಯಾಕೆಂದರೆ ನನ್ನಲ್ಲಿ ಇದರಷ್ಟು ಗಟ್ಟಿ ಗಿಡ ಇನ್ನೊಂದಿಲ್ಲ. ಗೇಣುದ್ದ ಕಡ್ಡಿ ಮುರಿದು, ನಾಲ್ಕು ದಿನ ಗಾಯಕ್ಕೆ ಹಕ್ಕಳೆ ಕಟ್ಟಲು ಬಿಟ್ಟು, ಜಲ್ಲಿಯಲ್ಲಿ ಚುಚ್ಚಿದರೆ ತಿಂಗಳಲ್ಲಿ ಬೇರು. ಒಂದು ಗಿಡದಿಂದ ಹದಿನೆಂಟು ಮಾಡಿದ್ದೇನೆ.

ಈಗ ಆ ಇಪ್ಪತ್ತು ಎಲೆಗಳು. ನನ್ನ ಪಾಲಿಗೆ ಪೆಟ್ಟಿಗೆಯ ನಿಜವಾದ ಬೆಲೆ ಇರುವುದು ಇಲ್ಲಿ. ಚಿಕ್ಕವರಿದ್ದಾಗ ಕಾಡುಬಸಳೆಯ ಎಲೆಯನ್ನು ಪುಸ್ತಕದ ನಡುವೆ ಇಟ್ಟು, ಅಂಚಿನಲ್ಲಿ ಮರಿ ಬಂತಾ ಎಂದು ದಿನಾ ತೆಗೆದು ನೋಡುತ್ತಿದ್ದೆವು. ಕಾಡುಬಸಳೆಗೆ ಅಂಚಿನ ಪ್ರತಿ ಕಚ್ಚಿನಲ್ಲೂ ಮೊಗ್ಗು. ಎಚೆವೇರಿಯಾ, ಗ್ರ್ಯಾಪ್ಟೊಪೆಟಲಮ್‌ಗಳಿಗೆ ಮರಿ ಬರುವುದು ಎಲೆಯ ಬುಡದಿಂದ ಮಾತ್ರ, ಕಾಂಡಕ್ಕೆ ಅಂಟಿಕೊಂಡಿರುವ ಆ ಬಿಳಿಯ ಅರ್ಧಚಂದ್ರದಿಂದ. ಹಾಗಾಗಿ ಎಲೆಯನ್ನು ಕೆಳಗೆ ಎಳೆಯಬಾರದು. ಎರಡು ಬೆರಳಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲುಗಿಸಿದರೆ ಟಿಕ್ ಎಂದು ಪೂರ್ತಿ ಬಿಡಿಸಿಕೊಳ್ಳುತ್ತದೆ. ಬುಡ ಅರ್ಧ ಕಾಂಡದಲ್ಲೇ ಉಳಿದರೆ ಆ ಎಲೆ ಬಿಸಾಡಿ.

ಅತ್ತೆಯ ಹಳೆಯ ಮನೆ ಬಿಚ್ಚಿದಾಗ ಉಳಿದ ಹಂಚುಗಳು ಕೊಟ್ಟಿಗೆಯಲ್ಲಿದ್ದವು. ಕೆಲವದರ ಬೆನ್ನಿಗೆ ಬಾಸೆಲ್ ಮಿಷನ್ ಎಂದೂ 1865 ಎಂದೂ ಅಚ್ಚು ಉಂಟು, ಮಂಗಳೂರಿನಲ್ಲಿ ಆ ಕಾರ್ಖಾನೆ ಶುರುವಾದ ವರ್ಷ ಅದು. ಹಂಚನ್ನು ಮಗುಚಿ, ಅದರ ತೋಡಿನಲ್ಲಿ ತೆಳುವಾಗಿ ಮುರಕಲ್ಲಿನ ಚೂರು ಹರಡಿ, ಎಲೆಗಳನ್ನು ಅಂಗಾತ ಮಲಗಿಸಿದೆ. ಸುಟ್ಟ ಮಣ್ಣು ಹೆಚ್ಚಿನ ತೇವ ಹೀರಿಕೊಳ್ಳುತ್ತದೆ. ಪ್ಲಾಸ್ಟಿಕ್ ಟ್ರೇಯಲ್ಲಿ ಇಟ್ಟ ಎಲೆಗಿಂತ ಹಂಚಿನ ಎಲೆ ನನ್ನಲ್ಲಿ ಹೆಚ್ಚು ಉಳಿದಿದೆ. ಮೂಡುಬದಿಯ ಜಗಲಿ, ಬೆಳಗಿನ ಎಳೆ ಬಿಸಿಲು ಮಾತ್ರ. ಬೇರು ಕಾಣುವ ತನಕ ನೀರಿಲ್ಲ. ಬೇರು ಬಂದ ಮೇಲೆ ಮೂರು ದಿನಕ್ಕೊಮ್ಮೆ ಬೇರಿನ ಹತ್ತಿರ ಮಾತ್ರ ಒಂದು ಪಿಚಕಾರಿ.

ಮೇ ತಿಂಗಳ ಆ ಇಪ್ಪತ್ತರಲ್ಲಿ ಹನ್ನೊಂದು ಜೂನಿನಲ್ಲೇ ನೀರಾದವು. ಒಂಬತ್ತಕ್ಕೆ ನಸುಗುಲಾಬಿ ಬೇರು ಬಂತು. ಅದರಲ್ಲೂ ಐದು ಬರೀ ಬೇರು ಬಿಟ್ಟು ತಿಂಗಳುಗಟ್ಟಲೆ ಹಾಗೇ ಇದ್ದವು, ಮರಿಯೇ ಹಾಕಲಿಲ್ಲ. ನಾಲ್ಕು ಎಲೆಯ ಬುಡದಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಗುಲಾಬಿ ಕಂಡಿತು. ಆ ದಿನ ನಾನು ಸೊಸೈಟಿಯ ಕೆಲಸಕ್ಕೆ ಅರ್ಧ ಗಂಟೆ ತಡವಾಗಿ ಹೋದೆ. ಅದೇ ಕೆಲಸವನ್ನು ಡಿಸೆಂಬರಿನಲ್ಲಿ ಗ್ರ್ಯಾಪ್ಟೊಪೆಟಲಮ್‌ನ ಹನ್ನೆರಡು ಎಲೆಗಳಿಗೆ ಮಾಡಿದೆ, ಹನ್ನೊಂದು ಮರಿಯಾದವು. ಗಿಡದ ಜಾತಿಯ ವ್ಯತ್ಯಾಸವೂ ಉಂಟು, ಒಪ್ಪುತ್ತೇನೆ. ಆದರೆ ಎಚೆವೇರಿಯಾ ಎಲೆಯೂ ಜನವರಿಯಲ್ಲಿ ಇಟ್ಟದ್ದು ಅರ್ಧಕ್ಕಿಂತ ಹೆಚ್ಚು ಬಂದಿದೆ. ಕರಾವಳಿಯಲ್ಲಿ ಎಲೆ ಇಡುವ ಕಾಲ ನವೆಂಬರಿನಿಂದ ಫೆಬ್ರವರಿ. ತಾಯಿಯೆಲೆ ಪೂರ್ತಿ ಸುಕ್ಕಿ ಕಾಗದವಾಗುವ ತನಕ ಕೀಳಬೇಡಿ, ಮರಿಗೆ ಅದೇ ಊಟ.

ಎತ್ತರಕ್ಕೆ ಎಳೆದುಕೊಂಡು ಹೋದ ಎಚೆವೇರಿಯಾಕ್ಕೆ ಬೇರೆ ದಾರಿ. ಶೀಟಿನ ಕೆಳಗೆ ಬೆಳಕು ಸಾಲದೆ ಪರ್ಲ್ ವಾನ್ ನ್ಯೂರ್ನ್‌ಬರ್ಗ್ ಏಪ್ರಿಲ್ ಹೊತ್ತಿಗೆ ಕೊಕ್ಕರೆಯ ಕತ್ತಿನಂತಾಗಿತ್ತು. ಶೇವಿಂಗ್ ಬ್ಲೇಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ ತಲೆಯನ್ನು ಕತ್ತರಿಸಿದೆ. ಕೈ ನಡುಗಿತ್ತು. ತಲೆಯನ್ನು ವಾರ ಒಣಗಿಸಿ ನೆಟ್ಟೆ, ಬೇರು ಬಂತು. ಕತ್ತರಿಸಿದ ಮೋಟಿನಲ್ಲಿ ಬಾಳೆಯ ಕಂದಿನ ಹಾಗೆ ಮೂರು ಮರಿ. ಒಂದು ಗಿಡ ನಾಲ್ಕಾಯಿತು. ಜೀಬ್ರಾ ತಾನಾಗಿಯೇ ಬುಡದಲ್ಲಿ ಮರಿ ಹಾಕುತ್ತದೆ, ಬೇರು ಸಮೇತ ಬಿಡಿಸಿ ನೆಟ್ಟರಾಯಿತು.

ಮೂನ್ ಕ್ಯಾಕ್ಟಸ್ ಕೊಳ್ಳುವವರಿಗೆ ಒಂದು ಮಾತು. ಆ ಕೆಂಪು ಉಂಡೆಗೆ ಪತ್ರಹರಿತ್ತು ಇಲ್ಲ, ತನ್ನ ಊಟ ತಾನು ಮಾಡಿಕೊಳ್ಳಲಾರದು. ಕೆಳಗಿನ ಹಸಿರು ಮೂರುಮೂಲೆ ಕಾಂಡ ಡ್ರ್ಯಾಗನ್ ಫ್ರೂಟ್ ಗಿಡದ್ದು, ಅದರ ಮೇಲೆ ಕಸಿ ಮಾಡಿರುತ್ತಾರೆ. ಮೊದಲ ಸಲ ಆ ಕಾಂಡ ಕೊಳೆತು ಎರಡೂ ಹೋದವು. ಎರಡನೆಯದರ ಕಾಂಡ ಮೆತ್ತಗಾದ ಕೂಡಲೇ ಪಕ್ಕದ ಮನೆಯವರ ಡ್ರ್ಯಾಗನ್ ಫ್ರೂಟ್‌ನ ಗೇಣು ಕಾಂಡ ತಂದು, ಎರಡರ ತುದಿಯನ್ನೂ ಸಮವಾಗಿ ಕೊಯ್ದು, ನಡುವಿನ ಉಂಗುರಕ್ಕೆ ಉಂಗುರ ತಾಗುವಂತೆ ಕೂರಿಸಿ, ರಬ್ಬರ್ ಬ್ಯಾಂಡ್ ಹಾಕಿ ನೆರಳಲ್ಲಿಟ್ಟೆ. ಎರಡು ವಾರದಲ್ಲಿ ಹಿಡಿಯಿತು.

ಎರಡನೆಯ ಮಳೆಗಾಲಕ್ಕೆ ಎಲ್ಲವನ್ನೂ ಟೆರೇಸಿನಿಂದ ಮೂಡುಬದಿಯ ಜಗಲಿಗೆ ಇಳಿಸಿದೆ, ನಮ್ಮಲ್ಲಿ ಮಳೆಯ ಗಾಳಿ ಪಡುವಣದಿಂದ ಬೀಸುತ್ತದೆ. ಜೂನ್ ಮೊದಲ ವಾರದಿಂದ ನೀರು ಬಂದ್. ಹಳೆಯ ಟೇಬಲ್ ಫ್ಯಾನನ್ನು ದಿನಾ ಸಂಜೆ ಮೂರು ಗಂಟೆ ಅವುಗಳ ಕಡೆ ತಿರುಗಿಸಿಟ್ಟೆ. ಕರೆಂಟು ಬಿಲ್ಲು ನೋಡಿ ಗಂಡ ಏನೂ ಹೇಳಲಿಲ್ಲ, ಅವರೂ ಅಷ್ಟರಲ್ಲಿ ಕುಂಡ ಎಣಿಸಲು ಶುರು ಮಾಡಿದ್ದರು. ಆಗಸ್ಟಿನಲ್ಲಿ ಒಂದು ವಾರ ಬಿಸಿಲು ಬಂದಾಗ ಮಾತ್ರ ಎಲೆ ಸುಕ್ಕಿದ ಗಿಡಗಳಿಗೆ ತಲಾ ಎರಡು ಚಮಚ ನೀರು. ಡಿಸೆಂಬರಿನ ಹದಿನೈದರಲ್ಲಿ ಈ ಸಲ ಹನ್ನೊಂದು ಉಳಿದಿವೆ. ಸೆಂಪರ್ವೈವಮ್ ಏಪ್ರಿಲಿನ ಸೆಕೆಗೇ ಹೋಯಿತು. ಅದು ಯುರೋಪಿನ ಪರ್ವತಗಳ ಗಿಡ, ಹಿಮ ತಡೆಯುತ್ತದೆ, ನಮ್ಮ ಸೆಕೆ ತಡೆಯಲಾರದು. ಲಿಥಾಪ್ಸ್ ಜುಲೈಯಲ್ಲಿ ಒಡೆಯಿತು. ಎರಡು ಎಚೆವೇರಿಯಾ ಕೊಳೆತವು. ಈ ಹೊತ್ತು ಜಗಲಿಯ ಮೂರು ಮೆಟ್ಟಿಲಿನ ಹಲಗೆಯಲ್ಲಿ ಎಪ್ಪತ್ತನಾಲ್ಕು ಕುಂಡ ಇವೆ, ಕೊಟ್ಟದ್ದು ಬೇರೆ.

ನಕ್ಷತ್ರ ಕೇಳಿದರೆ ಐದರಲ್ಲಿ ಮೂರೂವರೆ. ಗಿಡಕ್ಕೆ ನಾಲ್ಕೂವರೆ ಕೊಡುತ್ತಿದ್ದೆ, ಆ ಚೀಟಿಗೂ ಮಿಶ್ರಣಕ್ಕೂ ಒಂದು ಕಡಿಮೆ ಮಾಡಿದ್ದೇನೆ. ಬೆಂಗಳೂರು, ಮೈಸೂರು, ಚಿಕ್ಕಮಗಳೂರಿನ ಬಯಲು ಕಡೆಯವರು ಧೈರ್ಯವಾಗಿ ಪೆಟ್ಟಿಗೆಯನ್ನೇ ತರಿಸಿ. ಕಾರವಾರದಿಂದ ಮಂಗಳೂರಿನ ತನಕ ಇರುವವರು ಮಾರ್ಚಿನಿಂದ ಸೆಪ್ಟೆಂಬರಿನ ಒಳಗೆ ಎಷ್ಟೇ ರಿಯಾಯಿತಿ ಇದ್ದರೂ ತರಿಸಬೇಡಿ. ಮೇ ತಿಂಗಳ ರಿಯಾಯಿತಿಯೇ ನನ್ನ ಹತ್ತು ಗಿಡ ತಿಂದದ್ದು.

ಈ ಡಿಸೆಂಬರಿಗೆ ಅವರಿಂದಲೇ ತರಿಸಲಿಕ್ಕಿದ್ದೇನೆ, ಬಿಡಿಯಾಗಿ. ಗ್ಯಾಸ್ಟೇರಿಯಾ ಎರಡು ಬಗೆ, ಹವೋರ್ಥಿಯಾ ಮೂರು. ಜೀಬ್ರಾ, ಗ್ಯಾಸ್ಟೇರಿಯಾಗಳು ದಕ್ಷಿಣ ಆಫ್ರಿಕಾದಲ್ಲಿ ಪೊದೆಗಳ ನೆರಳಲ್ಲಿ ಬೆಳೆಯುವಂಥವು, ನಮ್ಮ ಜಗಲಿಯ ಮಬ್ಬು ಬೆಳಕು ಅವಕ್ಕೆ ಸಾಕು. ನಾಲ್ಕನೆಯ ಸಾಲಿಗೆ ಹಲಗೆ ಇಡಬೇಕೆಂದು ಅತ್ತೆಯೇ ಹೇಳಿದ್ದಾರೆ. ಹಂಚಿನ ಮೇಲೆ ಅವರು ಮಲಗಿಸಿದ ಆರು ಎಲೆಗಳಲ್ಲಿ ನಾಲ್ಕಕ್ಕೆ ನಿನ್ನೆ ಬೇರು ಕಂಡಿದೆ.